ಜಾತಕದ ಕಂಪ್ಯೂಟರಿಗೆ ಎರಡನೆಯ ಡಿಸ್ಕು

ಬೀಜಾಡಿಯ ನಮ್ಮ ಮನೆಯ ಚಾವಡಿ ಪಕ್ಕದ ಕೋಣೆಯಲ್ಲಿ ಯಜಮಾನರು ನಮ್ಮ ಜಾತಿಯ ಹುಡುಗ ಹುಡುಗಿಯರ ಜಾತಕ ಕೂಡಿಡುತ್ತಿದ್ದರು. ಮೊದಲು ಟ್ರಂಕಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಟೈಪು ಮಾಡುವವಳು ಅವರ ತಂಗಿ, ನನ್ನ ನಾದಿನಿ. ಕೈ ಪಳಗಲೆಂದು ಎಲ್ಲರಿಗಿಂತ ಮೊದಲು ಏರಿಸಿದ್ದು ಅವಳದ್ದೇ ಜಾತಕ. ಫೋಟೋಕ್ಕೆ ನನ್ನ ಧಾರೆ ಸೀರೆ ಉಟ್ಟಿದ್ದಳು. ಹೆಣ್ಣು ನೋಡಲು ಬಂದಾಗಲೆಲ್ಲ ಬೇಕಾಗುತ್ತದೆಂದು ಆ ಸೀರೆ ಅವಳ ಪೆಟ್ಟಿಗೆಯಲ್ಲೇ ಉಳಿಯಿತು.

ಅವಳಿಗೆ ಕುಜದೋಷ. ಬಂದವರು ಅವಲಕ್ಕಿ ತಿಂದು ಹೋದರು. ಎಂಟು ಒಂಬತ್ತು ವರ್ಷ ಹೀಗೇ ಕಳೆಯಿತು. ಬೈಂದೂರಿನವರು, ಬಾರ್ಕೂರಿನವರು, ಮುಂಬಯಿಯಲ್ಲಿ ಹೋಟೆಲಿಟ್ಟವರು ಜಾತಕ ತಂದರು. ಅವಳು ಅವರ ಮಕ್ಕಳ ನಕ್ಷತ್ರ, ಎತ್ತರ, ಬಣ್ಣ ಟೈಪು ಮಾಡುತ್ತಲೇ ಇದ್ದಳು. ಮೊದಮೊದಲು ಒಬ್ಬರಿಗೆ ಒಂದು ಸಣ್ಣ ಫೋಟೋ. ಆಮೇಲೆ ಸಿ.ಡಿ. ತುಂಬ ಸ್ಟುಡಿಯೋ ಪಟಗಳು. ಮದುವೆಯಾದ ಮೇಲೆ ತಿಳಿಸುವ ಕ್ರಮ ಯಾರಿಗೂ ಇರಲಿಲ್ಲ, ಹಾಗಾಗಿ ಒಂದನ್ನೂ ತೆಗೆದಿರಲಿಲ್ಲ. ಒಂದು ಮಳೆಗಾಲದಲ್ಲಿ ಕಂಪ್ಯೂಟರು ಹೊಸ ಜಾತಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು.

ಕುಂದಾಪುರದಿಂದ ರಿಪೇರಿಯವನು ಬಂದ. "ಅಣ್ಣ, ಡಿಸ್ಕ್ ಪೂರ್ತಿ ತುಂಬಿತ್. ಎಂಟ್ ವರ್ಷದ್ ಹಿಂದಿನ್ದೆಲ್ಲ ತೆಗ್ದ್ ಬಿಸಾಕಿ. ಅವ್ರ್ ಮಕ್ಳೇ ಈಗ ಶಾಲಿಗ್ ಹೋತಿಪ್ಪುಕೂ ಸಾಕ್!"

ಯಜಮಾನರು ನಕ್ಕರು. ನಾದಿನಿ ಎದ್ದು ಚಾ ತರಲು ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತು, "ಹಳತ್ ತೆಗುದ್ ಬ್ಯಾಡ. ಬೇರೆ ದಾರಿ ಇಲ್ಯಾ?" ಎಂದೆ. ಹಳೆಯದರಲ್ಲಿ ಎಲ್ಲಕ್ಕಿಂತ ಹಳೆಯದು ಯಾರದ್ದೆಂದು ಯಜಮಾನರಿಗೆ ಆಗ ಹೊಳೆದಿರಬೇಕು, ತಲೆ ತಗ್ಗಿಸಿದರು.

"ಇತ್ತ್ ಅಕ್ಕ. ಇನ್ನೊಂದ್ ಡಿಸ್ಕ್ ಹಾಕಿ ಎರಡನ್ನೂ ಸೇರ್ಸಿ ಒಂದೇ ಮಾಡುದ್. ಆರೆ, ಒಂದ್ ಹಾಳಾರೆ ಎರಡೂ ಹೋತ್. ಮೊದ್ಲ್ ಎಲ್ಲ ಸಿ.ಡಿ.ಗೆ ಇಳ್ಸ್ಕಣ್ಕ್."

ಹಾಗೇ ಮಾಡಿದರು. ಜೋಡಿಸುವ ದಿನ ಕೆಲಸ ಅರ್ಧವಾಗಿತ್ತು, ಕರೆಂಟು ಹೋಯಿತು. ಯು.ಪಿ.ಎಸ್. ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಸಿ.ಡಿ.ಗಳಿವೆಯಲ್ಲ ಎಂದು ನಾನು ಕೇಳಿದರೆ, "ಇತ್ತ್, ಕಂಪ್ಯೂಟರ್ ಅದನ್ ಓದಿರೆ ಆಯ್ತ್" ಎಂದ ರಿಪೇರಿಯವನು. ಅವನ ಮುಖ ನೋಡಿ ನನಗೆ ಧೈರ್ಯ ಬರಲಿಲ್ಲ. ಹಟ್ಟಿಯಂಗಡಿ ಗಣಪತಿಯ ಪಟದೆದುರು ದೀಪ ಹಚ್ಚಿದೆ. ಎಲ್ಲರದ್ದೂ ಉಳಿಸು ಎಂದು ಬೇಡಬೇಕಿತ್ತು. ಅವಳದ್ದೊಂದು ಉಳಿಸು ಎಂದೇ ಬಾಯಿಗೆ ಬಂತು.

ಸಂಜೆ ಕರೆಂಟು ಬಂತು. ಅವನು ಉಳಿದ ಕೆಲಸ ಮುಗಿಸಿದಾಗ ಎರಡು ಡಿಸ್ಕು ಒಂದಾಗಿತ್ತು. ಯಾವುದೂ ಹೋಗಿರಲಿಲ್ಲ. ರಿಪೇರಿಯವನು ಹೋದ ಮೇಲೆ ನಾದಿನಿಗೆ ಹೇಳಿದೆ, "ಮೊದ್ಲ್ ನಿಂದ್ ಇತ್ತಾ ಕಾಣ್."

ಇತ್ತು. ನನ್ನ ಸೀರೆ, ಕೊರಳಲ್ಲಿ ಅತ್ತೆಯ ಸರ. ಅವಳು ಸ್ವಲ್ಪ ಹೊತ್ತು ನೋಡಿದಳು.

"ಅತ್ತಿಗೆ, ಇದನ್ ತೆಗಿತೆ."

"ಮರ್ಲ್ ಹಿಡಿತಾ ನಿಂಗೆ? ಈಗ ಬೇಕಾದಷ್ಟ್ ಜಾಗ ಇತ್ತಲೆ ಮಾರಾಯ್ತಿ!"

"ಅದ್ಕೇ ಈಗ ತೆಗುದ್. ಜಾಗ ಇಲ್ದೆ ತೆಗ್ದದ್ದ್ ಅಂದೇಳಿ ಯಾರೂ ಹೇಳುಕಾಗ."

ನಾನು ಕೈ ಹಿಡಿಯುವಷ್ಟರಲ್ಲಿ ಅಳಿಸುವ ಗುಂಡಿ ಒತ್ತಿಬಿಟ್ಟಳು. ಬಾಗಿಲವರೆಗೆ ಬಂದಿದ್ದ ಯಜಮಾನರು ತಿರುಗಿ ಹೋದರು.

ದೇವರ ಮೇಲೆ ನನಗೆ ದೂರಿಲ್ಲ. ಬೇಡಿದ್ದನ್ನು ಕೊಟ್ಟ. ಅವಳು ಊಟ ಬಿಟ್ಟಾಳೆಂದು ಹೆದರಿದ್ದೆ. ಗಂಜಿಗೆ ಇನ್ನೊಂದು ಸೌಟು ಹಾಕಿಸಿಕೊಂಡಳು. ಅದಕ್ಕೂ ಮನಸ್ಸಿನಲ್ಲೇ ಕೈಮುಗಿದೆ. ಮರುದಿನ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದಾಗ ಹಿಂದೆ ನುಸಿಗುಳಿಗೆಯ ವಾಸನೆ ಬಂತು. ತಿರುಗಿ ನೋಡಿದರೆ ಅವಳು ನನ್ನ ಧಾರೆ ಸೀರೆಯನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.