ಹತ್ತು ಉಸಿರು

ಅಕ್ಕ ಕಳಿಸಿದ ಐದು ಫೋಟೋಗಳು ಈಗಲೂ ನನ್ನ ಫೋನಿನಲ್ಲಿವೆ. ಐದರಲ್ಲೂ ಅವಳ ಮುಖವಿಲ್ಲ. ಬಲಗೈಯ ನಡುಬೆರಳು, ಅದನ್ನು ಕಚ್ಚಿ ಹಿಡಿದ ಆಕ್ಸಿಮೀಟರ್, ಕೆಳಗೆ ಊಟದ ಮೇಜಿನ ಹೂವಿನ ಪ್ಲಾಸ್ಟಿಕ್ ಹಾಳೆ, ಇಷ್ಟೇ. ತೊಂಬತ್ತೈದು, ತೊಂಬತ್ನಾಲ್ಕು, ತೊಂಬತ್ತೈದು, ತೊಂಬತ್ತೈದು, ತೊಂಬತ್ನಾಲ್ಕು. ಆರನೆಯ ದಿನ ಫೋಟೋ ಬರಲಿಲ್ಲ. ಆಸ್ಪತ್ರೆಯಿಂದ ಭಾವನ ಫೋನ್ ಬಂತು.

ಕೋವಿಡ್‌ನ ಎರಡನೆಯ ಅಲೆಯ ದಿನಗಳು. ಅಕ್ಕ, ಭಾವ ಇದ್ದದ್ದು ತುಮಕೂರಿನಲ್ಲಿ. ನಾನು, ನನ್ನ ಹೆಂಡತಿ, ಮಗಳು ಇದ್ದದ್ದು ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ. ಹೆಂಡತಿ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸ್. ಅವಳ ಕೆಲಸದ ಮೇಲೆಯೇ ನಾವು ಇಲ್ಲಿಗೆ ಬಂದದ್ದು. ನಾನು ಐಟಿಐ ಓದಿದವನು, ಊರಿನಲ್ಲಿ ವೈರಿಂಗ್ ಮಾಡುತ್ತಿದ್ದೆ. ಇಲ್ಲಿ ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತೇನೆ. ಹತ್ತು ಗಂಟೆಗೆ ನಮಗೆ ಟೀ ಬ್ರೇಕ್. ಆಗ ಅಲ್ಲಿ ಮಧ್ಯಾಹ್ನ ಎರಡೂವರೆ. ಅಕ್ಕನ ಫೋಟೋ ಸರಿಯಾಗಿ ಆ ಹೊತ್ತಿಗೆ ಬರುತ್ತಿತ್ತು.

ನನ್ನ ಜೊತೆ ಟೀ ಕುಡಿಯುತ್ತಿದ್ದ ವಾಟರ್‌ಫರ್ಡ್ ಕಡೆಯ ಹಿರಿಯ ಕೆಲಸಗಾರ, ಎರಡು ಮೀಟರ್ ದೂರದಿಂದಲೇ ಕತ್ತು ಚಾಚಿ ದಿನವೂ ಸಂಖ್ಯೆ ಕೇಳುತ್ತಿದ್ದ. ಹೇಳಿದರೆ, ಗ್ರ್ಯಾಂಡ್ ಎನ್ನುತ್ತಿದ್ದ, ಇಲ್ಲಿಯವರ ಬಾಯಲ್ಲಿ ಅದಕ್ಕೆ ಪರವಾಗಿಲ್ಲ ಎಂದರ್ಥ. ನಾನು ಅದನ್ನೇ ಅಕ್ಕನಿಗೆ ದಾಟಿಸುತ್ತಿದ್ದೆ. ಅಕ್ಕ ಪ್ರೈಮರಿ ಶಾಲೆಯ ಮೇಡಂ. "ಗ್ರ್ಯಾಂಡ್ ಅಂದ್ರೆ ಎಷ್ಟ್ ಮಾರ್ಕೋ? ಪಾಸಾ, ಫಸ್ಟ್ ಕ್ಲಾಸಾ?" ಎಂದು ಕೇಳಿದ್ದಳು.

ಹೆಂಡತಿ ಎರಡನೆಯ ದಿನವೇ ನನಗೆ ಹೇಳಿದ್ದಳು: ಫೋಟೋ ಸಾಲದು, ವಿಡಿಯೋದಲ್ಲಿ ನೋಡಿ, ಸ್ವಲ್ಪ ನಡೆದಾಡಿಸಿ, ಆಮೇಲೆ ಮೀಟರ್ ಹಾಕಿಸಿ. ನಾನು ಬೇಡವೆಂದೆ. ಹುಷಾರಿಲ್ಲದ ಮುಖ ತೋರಿಸಲು ಅಕ್ಕನಿಗೆ ಇಷ್ಟವಿಲ್ಲ, ದಿನಾ ಕಳಿಸುತ್ತಾಳಲ್ಲ, ಸಾಕು ಎಂದೆ. ಆ ಮಾತು ಆಡಿದವನು ನಾನು. ಮೀಟರಿನ ಮುಂದೆ ಅಕ್ಕ ಏನು ಮಾಡಬಲ್ಲಳು ಎಂದು ಗೊತ್ತಿದ್ದವನೂ ನಾನೇ.

ಅದನ್ನು ಹೇಳಬೇಕಾದರೆ ಹಿಮಾಲಯಕ್ಕೆ ಹೋಗಬೇಕು.

ನನ್ನ ಮದುವೆಗೆ ಹಿಂದಿನ ಬೇಸಿಗೆ ಅದು. ಅಕ್ಕನಿಗೆ ನಲವತ್ತೊಂದು. ಹಿಮ ನೋಡಬೇಕೆಂಬುದು ಅವಳ ಬಹಳ ವರ್ಷಗಳ ಆಸೆ. ಭಾವನಿಗೆ ಮಂಡಿ ನೋವು, ಅವರು ಬರುವಂತಿರಲಿಲ್ಲ. ತಮ್ಮನನ್ನು ಕರೆದುಕೊಂಡು ಹೋಗು ಎಂದು ಅವರೇ ಟಿಕೆಟ್ ತೆಗೆಸಿದರು. ಡೆಹ್ರಾಡೂನಿನಿಂದ ಇಡೀ ಒಂದು ಹಗಲು ಬಸ್ಸಿನಲ್ಲಿ ಕುಲುಕಾಡಿ, ರಸ್ತೆ ಮುಗಿಯುವ ಹಳ್ಳಿಯಲ್ಲಿ ಇಳಿದೆವು. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ. ಹೆಚ್ಚಿನವರು ಪುಣೆಯ ಕಾಲೇಜು ಹುಡುಗ ಹುಡುಗಿಯರು. ಅವರೆಲ್ಲರ ಕಾಲಲ್ಲಿ ದಪ್ಪ ಬೂಟು. ಅಕ್ಕನ ಕಾಲಲ್ಲಿ ಮಾತ್ರ ಶಾಲೆಯಲ್ಲಿ ಡ್ರಿಲ್ ಮಾಡಿಸುವಾಗ ಹಾಕುವ ಬಿಳಿ ಕ್ಯಾನ್ವಾಸ್ ಶೂ.

ಮರುದಿನ ಹೊರಡುವಾಗ ಗೈಡ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಒಬ್ಬೊಬ್ಬರ ಶೂ, ಬ್ಯಾಗು, ಹೊಟ್ಟೆ ನೋಡಿಕೊಂಡು ಬಂದು ಅಕ್ಕನನ್ನು ಕರೆದು ತನ್ನ ಹಿಂದೆಯೇ, ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ದೀದಿಯ ಹಿಂದೆಯೇ ಎಲ್ಲರೂ ನಡೆಯಬೇಕು, ಯಾರೂ ದಾಟಬಾರದು ಎಂದ. ಅಕ್ಕ ತಿರುಗಿ ನನ್ನತ್ತ ನೋಡಿದಳು. "ನೋಡ್ದಾ, ಮಾನಿಟರ್ ಮಾಡ್ಬಿಟ್ಟ ನನ್ನ." ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡುವುದು ಬೆಟ್ಟದ ರೂಢಿ, ಆಗ ಯಾರೂ ಹಿಂದೆ ಉಳಿಯುವುದಿಲ್ಲ. ಅದು ನನಗೆ ಸಂಜೆ ತಿಳಿಯಿತು. ಅವಳಿಗೆ ನಾನು ಹೇಳಲಿಲ್ಲ. ಹಿಂದಿನ ಹುಡುಗರು ಮೊದಲ ಗಂಟೆ ಗೊಣಗಿದರು, ಆಂಟಿ ಎಂದು ಕರೆದು ಬೈಸಿಕೊಂಡರು. ಎರಡನೆಯ ಗಂಟೆಗೆ ಅವರಿಗೂ ಏದುಸಿರು ಬಂದು, ಅಕ್ಕನ ಹೆಜ್ಜೆಯೇ ಸರಿ ಎನಿಸಿತು.

ದಾರಿಯಲ್ಲಿ ಎರಡು ಹಳ್ಳಿ ಸಿಕ್ಕವು. ಮರದ ಮನೆಗಳು. ಕೆಳಗೆ ದನ, ಮೇಲೆ ಜನ, ಮಾಡಿಗೆ ಚಪ್ಪಡಿ ಕಲ್ಲು. ರಾಜ್ಮಾ ಬಿತ್ತಲು ಹೊಲ ಹದ ಮಾಡುತ್ತಿದ್ದ ಒಬ್ಬ ಅಜ್ಜಿ ಕೆಲಸ ಬಿಟ್ಟು ಬಂದು ಅಕ್ಕನ ತಾಳಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಅಕ್ಕ ಆಕೆಯ ಮೂಗಿನ ದೊಡ್ಡ ನತ್ತನ್ನು ಮುಟ್ಟಿ ನೋಡಿದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ. ಹತ್ತು ನಿಮಿಷ ಮಾತಾಡಿದರು. ಹೊರಡುವಾಗ ಅಜ್ಜಿ ಸೆರಗಿನಿಂದ ನಾಲ್ಕು ಅಕ್ರೋಟು ಕೊಟ್ಟಳು, ಅಕ್ಕ ತನ್ನ ಡಬ್ಬಿಯಿಂದ ಕೋಡುಬಳೆ ಕೊಟ್ಟಳು. ಗೈಡ್ ಸುಮ್ಮನೆ ಒಂದು ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ.

ಆಮೇಲೆ ಕಾಡು. ದೇವದಾರು ಮರಗಳ ಕೆಳಗೆ ಬಿಸಿಲು ನೆಲಕ್ಕೆ ಬೀಳುತ್ತಿರಲಿಲ್ಲ. ಮೇಲಕ್ಕೆ ಹೋದಂತೆ ಓಕ್ ಮರಗಳು, ಅವುಗಳ ಕೊಂಬೆಗೆ ಗಡ್ಡದಂತೆ ಪಾಚಿ. ಇನ್ನೂ ಮೇಲೆ ಬುರಾಂಶ್ ಮರಗಳು, ನೆಲವೆಲ್ಲ ಕೆಂಪು ಹೂವು. ಗೈಡ್ ಒಂದು ಹೂವನ್ನು ಬಿಡಿಸಿ ಎಸಳು ತಿನ್ನಲು ಕೊಟ್ಟ. ಹುಳಿ, ಸ್ವಲ್ಪ ಒಗರು. ಇದರಲ್ಲಿ ಗೊಜ್ಜು ಚೆನ್ನಾಗಾಗುತ್ತದೆ, ಬೆಲ್ಲ ಒಂದಿದ್ದರೆ ಸಾಕು ಎಂದು ಅಕ್ಕ ತನ್ನ ಶಾಲೆಯ ಹಿಂದಿಯಲ್ಲಿ ಅವನಿಗೆ ವಿವರಿಸಿದಳು. ಅವನು ತಲೆಯಾಡಿಸುತ್ತಲೇ ಇದ್ದ. ಅಂಥ ಸಂತೋಷದಲ್ಲಿ ನಾನು ಅವಳನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಆ ವಿಷಯ ಅವಳು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಊರಿನಲ್ಲಿ ಅವಳು ಯಾವಾಗಲೂ ಸ್ವಲ್ಪ ಬಿಗಿಯಾಗಿಯೇ ಇರುತ್ತಿದ್ದಳು.

ಎರಡನೆಯ ಕ್ಯಾಂಪಿನಲ್ಲಿ ಸಂಜೆ ಗೈಡ್ ಎಲ್ಲರ ಬೆರಳಿಗೂ ಮೀಟರ್ ಹಾಕಿದ. ಅಂಥ ವಸ್ತುವನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು. ಹುಡುಗರಿಗೆಲ್ಲ ತೊಂಬತ್ತರ ಆಸುಪಾಸು. ನನಗೆ ಎಂಬತ್ತೊಂಬತ್ತು. ಅಕ್ಕನಿಗೆ ಎಂಬತ್ತೆರಡು. ಬೆರಳು ತಣ್ಣಗಿದ್ದರೆ ಮೀಟರ್ ತಪ್ಪು ತೋರಿಸುತ್ತದೆ, ಬೆಳಿಗ್ಗೆ ಕೈ ಬೆಚ್ಚಗೆ ಮಾಡಿಕೊಂಡು ಬನ್ನಿ, ಮತ್ತೆ ನೋಡೋಣ ಎಂದ. ಎಂಬತ್ತೈದಕ್ಕಿಂತ ಕಡಿಮೆ ಇದ್ದರೆ ದೀದಿ ಅಡುಗೆಯವನ ಜೊತೆ ಈ ಕ್ಯಾಂಪಿನಲ್ಲೇ ಉಳಿಯಬೇಕು, ಮೇಲಿನ ಕ್ಯಾಂಪಿಗೆ ಬರುವಂತಿಲ್ಲ. ಹಿಮ ಇದ್ದದ್ದು ಮೇಲಿನ ಕ್ಯಾಂಪಿನಲ್ಲಿ.

ಅಕ್ಕ ಊಟ ಮಾಡಲಿಲ್ಲ. "ಇಷ್ಟ್ ದೂರ ಬಂದು ಅಡಿಗೆಯೋನ್ ಜೊತೆ ಬಟಾಣಿ ಬಿಡಿಸ್ಕೊಂಡ್ ಕೂತ್ಕೊಳ್ಳಾ?" ಎಂದಳು. ಅಷ್ಟೇ. ಅಳಲಿಲ್ಲ, ಜಗಳವಾಡಲಿಲ್ಲ.

ಬೆಳಿಗ್ಗೆ ಅವಳಿಗೆ ಟೀ ತುಂಬಿದ ಸ್ಟೀಲ್ ಲೋಟ ತಂದುಕೊಟ್ಟೆ. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಟೆಂಟಿನ ಹಿಂದೆ ಕೂತಳು. ಅಲ್ಲಿಯವರೆಗೆ ಗೈಡ್ ಹೇಳಿದ್ದೇ ಆಯಿತು. ಆಮೇಲಿನದು ನನ್ನ ಬುದ್ಧಿ. ಮೀಟರ್ ಹಾಕುವ ಮುಂಚೆ ಜೋರಾಗಿ ಹತ್ತು ಸಲ ಉಸಿರು ಎಳೆದುಕೋ, ನಾನು ಎಣಿಸುತ್ತೇನೆ ಎಂದೆ. ಹಿಂದಿನ ಸಂಜೆ ಒಬ್ಬ ಹುಡುಗ ತಮಾಷೆಗೆ ಹಾಗೆ ಮಾಡಿ ಸಂಖ್ಯೆ ಏರಿಸಿದ್ದನ್ನು ನಾನು ನೋಡಿದ್ದೆ. ಅವಳು ಎಳೆದಳು, ನಾನು ಎಣಿಸಿದೆ. ಎಂಬತ್ತೆಂಟು ಬಂತು. ಗೈಡ್ ಮೀಟರನ್ನು ನೋಡಿದ, ಅವಳ ಮುಖ ನೋಡಿದ, ಚಲೋ ದೀದಿ ಎಂದ.

ಮೇಲಿನ ಕ್ಯಾಂಪು ಹನ್ನೆರಡು ಸಾವಿರ ಅಡಿಯಲ್ಲಿತ್ತು. ಕೊನೆಯ ಒಂದು ಗಂಟೆ ಹಿಮದ ಮೇಲೆ ನಡಿಗೆ. ಕ್ಯಾನ್ವಾಸ್ ಶೂ ಜಾರುತ್ತಿತ್ತು. ಗೈಡ್ ತನ್ನ ಕೋಲಿನ ಒಂದು ತುದಿ ಅವಳಿಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಎಳೆದುಕೊಂಡು ಹೋದ. ತಲುಪಿದ ಮೇಲೆ ಅವಳು ಎರಡು ಸಲ ವಾಂತಿ ಮಾಡಿದಳು. ತಲೆ ಸಿಡಿಯುತ್ತಿದೆ ಎಂದಳು. ಈ ಸಲ ಅವಳು ಉಸಿರು ಎಳೆಯುವ ಮುಂಚೆಯೇ ಗೈಡ್ ಬೆರಳು ಹಿಡಿದುಬಿಟ್ಟ. ಎಪ್ಪತ್ತೊಂಬತ್ತು.

ಅವನು ನನ್ನನ್ನು ಪಕ್ಕಕ್ಕೆ ಕರೆದು, ಬೆಳಿಗ್ಗೆ ಎಷ್ಟು ಸಲ ಎಳೆಸಿದೆ ಎಂದು ಕೇಳಿದ. ಹತ್ತು ಎಂದೆ. ಅವನು ಬೈಯಲಿಲ್ಲ. ಎಲ್ಲರೂ ಮಾಡುತ್ತಾರೆ, ಆದರೆ ಜೊತೆಯಲ್ಲಿ ನಡೆಯುವವನಿಗಾದರೂ ಹೇಳಬೇಕಲ್ಲವಾ ಅಂದ. ಆಗಲೇ ಹುಡುಗರನ್ನು ಸಹಾಯಕನಿಗೆ ಒಪ್ಪಿಸಿ, ನಮ್ಮಿಬ್ಬರನ್ನೂ ಅವನೇ ಕೆಳಗೆ ಕರೆದುಕೊಂಡು ಹೊರಟ. ಹೊರಡುವ ಮುಂಚೆ ಅಕ್ಕ ಐದು ನಿಮಿಷ ಕೇಳಿಕೊಂಡಳು. ಮೋಡ ಸರಿದು ಎದುರಿನ ಶಿಖರಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಒಂದು ಹಿಡಿ ಹಿಮ ಎತ್ತಿಕೊಂಡು, ಅದು ಕರಗಿ ಬೆರಳ ಸಂದಿಯಿಂದ ಸೋರುವವರೆಗೆ ನಿಂತಿದ್ದಳು. "ಸಾಕು ಕಣೋ, ನೋಡಾಯ್ತು. ನಡಿ," ಅಂದಳು. ಕೆಳಗಿಳಿದಂತೆ ತಲೆನೋವು ಕಡಿಮೆಯಾಯಿತು. ಕಾಡು ಸೇರುವಷ್ಟರಲ್ಲಿ ಕೋಡುಬಳೆ ಕೇಳಿದಳು. ಭಾವನಿಗೆ ಮಾತ್ರ ಹೇಳಬೇಡ, ಇನ್ನೆಲ್ಲೂ ಕಳಿಸುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಜ್ವರ ಬಂದ ಆ ಐದು ದಿನ ನಾವು ಫೋನಿನಲ್ಲಿ ಮಾತಾಡಿದ್ದು ಹೆಚ್ಚಾಗಿ ಈ ಪ್ರವಾಸದ ಬಗ್ಗೆಯೇ. ಇಲ್ಲಿ ನಾವು ಲಾಕ್‌ಡೌನ್ ನಿಯಮದಂತೆ ತಿಂಗಳುಗಟ್ಟಲೆ ಮನೆಯಿಂದ ಐದು ಕಿಲೋಮೀಟರಿನೊಳಗೇ ಓಡಾಡಿಕೊಂಡಿದ್ದವರು. ಮಗಳಿಗೆ ಪಾರ್ಕಿನ ದಿಬ್ಬವೇ ಬೆಟ್ಟ. ಅವಳು ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅತ್ತೆಯ ಕತೆಯಲ್ಲಿ ಆ ಮಾನಿಟರ್ ಭಾಗ ಅವಳಿಗೆ ಬಹಳ ಇಷ್ಟ. ಅಕ್ಕ ಕೆಮ್ಮುತ್ತ ಮತ್ತೆ ಮತ್ತೆ ಹೇಳುತ್ತಿದ್ದಳು.

ಬೆಡ್ ಸಿಕ್ಕಿತು, ಆಕ್ಸಿಜನ್ನೂ ಸಿಕ್ಕಿತು. ಎಂಟು ದಿನ ಇದ್ದಳು. ನನಗೆ ಹೋಗಲಾಗಲಿಲ್ಲ. ತಿಥಿಯನ್ನು ಫೋನಿನಲ್ಲಿ ನೋಡಿದೆ.

ಎರಡು ತಿಂಗಳಾದ ಮೇಲೆ, ಒಂದು ದಿನ ಟೀ ಬ್ರೇಕಿನಲ್ಲಿ ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಅವಳ ಉಗುರಿನ ಅರಿಸಿನದ ಕಲೆ ನೋಡುವ ಆಸೆ, ಬೇರೆ ಕಾರಣವಿರಲಿಲ್ಲ. ಎಡಗಡೆ ಅಂಚಿನಲ್ಲಿ ಸ್ಟೀಲ್ ಲೋಟದ ಕಂಠ ಕಂಡಿತು. ಮುಂದಿನ ಫೋಟೋದಲ್ಲೂ ಇತ್ತು. ಐದರಲ್ಲೂ ಇತ್ತು. ಕಾಫಿ ಇರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು. ಎರಡನೆಯ ದಿನವೇ ಹೇಳಿದ್ದಳು, ರುಚಿ ವಾಸನೆ ಹೋಗಿದೆ, ಕಾಫಿ ಮಣ್ಣಿನ ಹಾಗಿದೆ, ಬಿಟ್ಟೆ ಎಂದು.

ಅವತ್ತಿನಿಂದ ನನಗೆ ಒಂದೇ ಯೋಚನೆ. ಆ ಸಂಖ್ಯೆಗಳು ಸುಳ್ಳಾಗಿದ್ದರೆ? ಹೆಂಡತಿ ಹೇಳಿದಂತೆ ನಾನು ವಿಡಿಯೋದಲ್ಲಿ ನೋಡಿದ್ದರೆ ಅವಳು ಎರಡು ದಿನ ಮೊದಲು ಆಸ್ಪತ್ರೆ ಸೇರುತ್ತಿದ್ದಳೇ? ಉಸಿರು ಎಳೆಯಲು ಕಲಿಸಿದವನೇ ನಾನಲ್ಲವೇ? ಉತ್ತರ ಗೊತ್ತಿದ್ದವರು ಒಬ್ಬರೇ, ಭಾವ. ಪ್ರತಿ ಭಾನುವಾರ ಅವರಿಗೆ ಫೋನ್ ಮಾಡುತ್ತಿದ್ದೆ. ಪ್ರತಿ ಭಾನುವಾರ ಕೇಳದೆ ಇಡುತ್ತಿದ್ದೆ. ಹೌದು ಎಂದುಬಿಟ್ಟರೆ ಅದನ್ನು ಇಟ್ಟುಕೊಂಡು ಹೇಗಿರುವುದು? ಹೀಗೆ ಆರು ವಾರ ಕಳೆಯಿತು. ಕೊನೆಗೆ ಹೆಂಡತಿಗೆ ಹೇಳಿದೆ. ಕೇಳಿಬಿಡಿ ಎಂದು ಹೇಳಿ, ಅವಳು ಮಗಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು.

"ಭಾವ, ಒಂದ್ ವಿಷ್ಯ. ಅಕ್ಕ ಕಳಿಸ್ತಿದ್ ಫೋಟೋಲಿ ಒಂದ್ ಲೋಟ ಇರ್ತಿತ್ತು. ಏನಿರ್ತಿತ್ತು ಅದ್ರಲ್ಲಿ?"

ಫೋನಿನ ಸ್ಪೀಕರಿನಲ್ಲಿ ಅಲ್ಲಿಯ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು.

"ಬಿಸಿನೀರು," ಎಂದರು. "ಕೈ ಕಾಯಿಸ್ಕೊಂಡು, ಹತ್ತ್ ಸಲ ಉಸಿರೆಳ್ದು, ಆಮೇಲೆ ಫೋಟೋ ತೆಗಿ ಅನ್ನೋಳು. ನಾನೇ ತೆಗೀತಿದ್ದೆ."

"ಡಾಕ್ಟ್ರಿಗೂ ಅದೇ ಹೇಳ್ತಿದ್ರಾ?"

"ಇಲ್ಲ ಕಣೋ. ಡಾಕ್ಟ್ರಿಗೆ ಸರಿಯಾದ್ದೇ ಹೇಳ್ತಿದ್ವಿ. ತೊಂಬತ್ತೊಂದಿದ್ರೆ ತೊಂಬತ್ತೊಂದು, ತೊಂಬತ್ತಿದ್ರೆ ತೊಂಬತ್ತು. ಬೆಡ್‌ಗೂ ಮೂರನೇ ದಿನವೇ ಹೆಸರು ಬರೆಸಿದ್ದೆ. ಆ ಫೋಟೋ ನಿಂಗೊಬ್ಬನಿಗೆ." ಮತ್ತೆ ಹೇಳಿದರು: "ಅವ್ನು ಬರಕ್ಕಂತೂ ಆಗಲ್ಲ, ಮಾತಾಡೋವಾಗ್ಲಾದ್ರೂ ನಗ್ತಾ ಮಾತಾಡ್ಲಿ ಅಂದ್ಲು. ನಂಗೂ ಸರಿ ಅನ್ನಿಸ್ತು. ತಪ್ಪಾಯ್ತೇನೋ."

ತಪ್ಪೇನಿಲ್ಲ ಭಾವ ಎಂದೆ. ಕಿಟಕಿಯಾಚೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು, ಅವರು ತಿರುವು ದಾಟುವವರೆಗೂ ನೋಡಿದೆ. ಫೋನ್ ಇಡುತ್ತೇನೆ ಎನ್ನುವಷ್ಟರಲ್ಲಿ ಭಾವ ಮತ್ತೆ ಮಾತಾಡಿದರು.

"ನಾನೂ ಒಂದ್ ಕೇಳ್ತೀನಿ. ಹಿಮಾಲಯದಲ್ಲಿ ಮೇಲಿನ್ ಕ್ಯಾಂಪಲ್ಲಿ ಇವ್ಳಿಗೆ ತೊಂಬತ್ತೆರಡು ಬಂದಿತ್ತಂತಲ್ಲ? ಸ್ಕೂಲಲ್ಲೆಲ್ಲ ಹೇಳ್ಕೊಂಡ್ ತಿರುಗಿದ್ಲು. ನಿಜಾನಾ?"

ಕಾಡಿನಲ್ಲಿ ಕೊಟ್ಟ ಮಾತನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದೆ.

"ಎಪ್ಪತ್ತೊಂಬತ್ತು ಭಾವ."

ಕೋಪ ಬಂತೇನೋ ಎಂದುಕೊಂಡೆ. ಆಮೇಲೆ ಅವರು ನಗುವುದು ಕೇಳಿಸಿತು. ಅಕ್ಕ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. "ಎಪ್ಪತ್ತೊಂಬತ್ತಾ? ಕಳ್ಳಿ," ಎಂದರು. ಒಳಗಿನಿಂದ ಮಗಳು ಓಡಿ ಬಂದು, ಮಾವ ಯಾಕೆ ನಗುತ್ತಿದ್ದಾರೆಂದು ತನ್ನ ಐರಿಷ್ ಇಂಗ್ಲಿಷಿನಲ್ಲಿ ಕೇಳಿ ನನ್ನ ಪಕ್ಕ ಹತ್ತಿ ಕೂತಳು.

"ಮೊದ್ಲಿಂದ ಹೇಳು," ಎಂದರು ಭಾವ. "ಬಸ್ ಇಳಿದ್ ಜಾಗದಿಂದ. ಒಂದೂ ಬಿಡ್ಬೇಡ."

ಎಲ್ಲರ ಕಾಲಲ್ಲಿ ದಪ್ಪ ಬೂಟಿತ್ತು, ಅಕ್ಕ ಮಾತ್ರ ಡ್ರಿಲ್ ಶೂ ಹಾಕಿಕೊಂಡು ಬಂದಿದ್ದಳು ಎಂದು ಶುರು ಮಾಡಿದೆ.

"ಗೊತ್ತು," ಎಂದರು ಭಾವ. "ಆ ಶೂಗೆ ಬಿಳಿ ಪಾಲಿಶ್ ಹಚ್ಚಿ ಬಿಸಿಲಲ್ಲಿ ಇಟ್ಟಿದ್ದು ನಾನೇ. ಮುಂದೆ ಹೇಳು."