ಅಕ್ಕೋರ ಬೆನ್ನಿನ ಸುಣ್ಣ

ಅಕ್ಕೋರ ಸೀರೆಯ ಬೆನ್ನಿಗೆ ಯಾವಾಗಲೂ ಗೋಡೆಯ ಸುಣ್ಣ ಮೆತ್ತಿರುತ್ತಿತ್ತು. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಅವರು ಪಾಠವನ್ನೂ ಗೋಡೆಗೆ ಒರಗಿಯೇ ಹೇಳುತ್ತಿದ್ದರು. ದಣಿಯದೆ ಏನು ಮಾಡಿಯಾರು? ಒಂಟಿ ಹೆಂಗಸು, ಎರಡು ಖೋಲಿಯ ಬಾಡಿಗೆ ಮನೆ. ಅದರಲ್ಲಿ ಗಂಡನ ಮನೆ ಬಿಟ್ಟು ಬಂದ ಯಾರದೋ ಮನೆಯ ಸೊಸೆಯೊಬ್ಬಳು, ದವಾಖಾನೆಗೆಂದು ಬಂದ ಮಂಠಾಳದ ಮುದುಕಿ, ಹೀಗೆ ಯಾರಾದರೂ ಇದ್ದೇ ಇರುತ್ತಿದ್ದರು. "ಸಾಕಾಗ್ಯಾದವ್ವ" ಎನ್ನುತ್ತಲೇ ಅಕ್ಕೋರು ಮತ್ತೆರಡು ರೊಟ್ಟಿಗೆ ಹಿಟ್ಟು ನಾದುತ್ತಿದ್ದರು.

ಹತ್ತನೆಯ ತರಗತಿಯಲ್ಲಿ ನಾನೂ ಆ ಮನೆ ಸೇರಿದೆ. ನಮ್ಮೂರು ಕೊಹಿನೂರಿನಲ್ಲಿ ಅಪ್ಪ ನನ್ನ ಮದುವೆ ಗೊತ್ತು ಮಾಡಿದ್ದ. ನಾನು ಪುಸ್ತಕದ ಚೀಲ ಹಿಡಿದು ಓಡಿ ಬಂದಿದ್ದೆ. ಹುಡುಕಿಕೊಂಡು ಬಂದ ಅಪ್ಪನಿಗೆ ಅಕ್ಕೋರು ಚಹಾ ಕೊಟ್ಟು, "ಪರೀಕ್ಷಾ ಮುಗೀಲ್ರಿ, ಆಮ್ಯಾಲ ಅಪ್ಪ ಮಗಳು ಮಾತಾಡ್ಕೋರಿ" ಎಂದರು. ಅಪ್ಪ ಗೊಣಗುತ್ತಾ ಹೋದ. ನಾನು ಏಳು ತಿಂಗಳು ಅಲ್ಲೇ ಇದ್ದೆ.

ಆಗಲೇ ಕೋಟೆ ನೋಡಲು ಬಂದ ನಾರ್ವೆ ದೇಶದ ತರುಣನೊಬ್ಬ ಜ್ವರ ಬಂದು ಹತ್ತು ದಿನ ನಮ್ಮ ಪಡಸಾಲೆಯಲ್ಲಿ ಮಲಗಿದ. ಅವನ ಬಳಿ ಇಂಗ್ಲಿಷಿನಿಂದ ನಾರ್ವೆ ಭಾಷೆಗೆ ಅರ್ಥ ಹೇಳುವ ನಿಘಂಟಿತ್ತು. ಅಕ್ಕೋರು 'ರೆಫ್ಯೂಜ್', ಅಂದರೆ ಆಶ್ರಯ, ಎಂಬ ಪದ ತೆಗೆಸಿದರು. 'ತಿಲ್‌ಫ್ಲುಕ್ಟ್' ಎಂದರೆ ಓಡಿಹೋಗಿ ಸೇರುವ ಜಾಗ, 'ಲ್ಯೂ' ಎಂದರೆ ಗಾಳಿ ತಾಕದ ಮರೆ ಎಂದು ಅವನು ಬಿಡಿಸಿ ಹೇಳಿದ. ಅಕ್ಕೋರು ನನ್ನತ್ತ ತಿರುಗಿದರು. "ಎಲ್ಲಾ ಬರಾಬರ್ ಅದ. ಒಂದು ಬಿಟ್ಟಾರ ನೋಡು. ಯಾವಾಗ ಹೋಗ್ತಿ ಅಂತ ಯಾರೂ ಕೇಳಲಾರದ ಜಾಗ." ಅವನು ಹೋಗುವಾಗ ನಿಘಂಟನ್ನು ಅವರಿಗೇ ಕೊಟ್ಟ. ಅಕ್ಕೋರು ಆ ಪುಟದ ಅಂಚಿನಲ್ಲಿ ತಮ್ಮ ಅರ್ಥವನ್ನೂ ಪೆನ್ಸಿಲಿನಿಂದ ಬರೆದಿಟ್ಟರು.

ನಾನು ಪಾಸಾದೆ. ಮದುವೆ ಮಾತು ಮುರಿದುಬಿತ್ತು. ಮುಂದೆ ಟೀಚರ್ ಕೆಲಸ ಸಿಕ್ಕಿತು, ಹುಮನಾಬಾದಿನಲ್ಲಿ ಸಂಸಾರ ಹೂಡಿದೆ. ಎಂಬತ್ತರ ದಶಕದ ಒಂದು ಮಧ್ಯಾಹ್ನ ಅಕ್ಕೋರು ಟ್ರಂಕು ಹಿಡಿದು ಬಾಗಿಲಿಗೆ ಬಂದರು. ನಿವೃತ್ತರಾಗಿದ್ದರು, ಮಾಲೀಕರು ಮನೆ ಖಾಲಿ ಮಾಡಿಸಿದ್ದರು. ನಮ್ಮದೂ ಎರಡೇ ಖೋಲಿ, ಹಾಸಿಗೆ ಹಿಡಿದ ಅತ್ತೆ, ಇಬ್ಬರು ಮಕ್ಕಳು. ನನಗೂ ಸಾಕಾಗಿತ್ತು. ಚಹಾ ಕೊಡುತ್ತಾ ಕೇಳಿಬಿಟ್ಟೆ: "ಎಷ್ಟು ದಿನ ಇರ್ತೀರಿ, ಅಕ್ಕೋರ?"

ಅವರು ಚಹಾ ಪೂರ್ತಿ ಕುಡಿದರು. "ಇಲ್ಲವ್ವ, ಚಿಟಗುಪ್ಪಾಕ ಹೊಂಟೀನಿ. ಹಾದ್ಯಾಗ ನಿನ್ನ ನೋಡಿ ಹೋಗಬೇಕಂತ ಇಳಿದೆ." ಚಿಟಗುಪ್ಪದಲ್ಲಿ ಅವರಿಗೆ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಡೆಯಲಿಲ್ಲ. ಟ್ರಂಕಿನಿಂದ ನಿಘಂಟು ತೆಗೆದು, "ಇಟ್ಕೋ, ನನಗ ಭಾರ ಆಗ್ಯಾದ" ಎಂದು ಕೈಗಿತ್ತರು.

ಮರುವರ್ಷ ತೀರಿಕೊಂಡರು. ಹಿಂದೆ ಗಂಡನ ಮನೆ ಬಿಟ್ಟು ಬಂದಿದ್ದ ಆ ಸೊಸೆಯೇ ಕೊನೆಗೆ ಅವರನ್ನು ಇಟ್ಟುಕೊಂಡಿದ್ದಳಂತೆ. ನಾನು ಇಟ್ಟುಕೊಂಡದ್ದು ನಿಘಂಟನ್ನು ಮಾತ್ರ.

ಅಂದು ಬಸ್ಸು ಹತ್ತುವಾಗ ಅವರ ಬೆನ್ನು ನೋಡಿದ್ದೆ. ಸುಣ್ಣ ಇರಲಿಲ್ಲ. ನಮ್ಮ ಮನೆಯಲ್ಲಿ ಅರ್ಧ ಗಂಟೆ ಕೂತಿದ್ದರು, ಗೋಡೆಗೆ ಒರಗಿರಲಿಲ್ಲ.