ಶಟರ್ ಕೆಳಗಿಟ್ಟ ಕಾಲು

ಪರದೇಶದ ಕ್ಲೇಟನ್ ಎಂಬ ಊರಿನ ಔಷಧಿ ಅಂಗಡಿಯಲ್ಲಿದ್ದ ಮಂಗಳೂರಿನ ಆಂಟಿಯ ಕೊರಳಲ್ಲಿ ಯಾವಾಗಲೂ ಶಿಲುಬೆ. ಯಾರಾದರೂ ಗರ್ಭ ತಡೆಯುವ ಮಾತ್ರೆ ಕೇಳಿದರೆ ಆ ಶಿಲುಬೆಯನ್ನೊಮ್ಮೆ ಮುಟ್ಟಿಕೊಂಡು, "ನಾನು ಕೊಡುದಿಲ್ಲ ಮಾರಾಯ್ತಿ, ನನ್ನ ಧರ್ಮ ಒಪ್ಪುದಿಲ್ಲ. ಆದ್ರೆ ಬರಿಗೈಯಲ್ಲಿ ಕಳಿಸುದೂ ಇಲ್ಲ," ಎಂದು ಇನ್ನೊಬ್ಬ ಫಾರ್ಮಸಿಸ್ಟನ್ನು ಕರೆಯುತ್ತಿದ್ದರು.

ನಾನಾಗ ವಿದ್ಯಾರ್ಥಿನಿ. ನಾನು ಹೋದ ಸಂಜೆ ಆ ಇನ್ನೊಬ್ಬರು ರಜೆಯಲ್ಲಿದ್ದರು. ನನಗೆ ಬೇಕಿದ್ದದ್ದು ಮೂರು ದಿನದೊಳಗೆ ನುಂಗಬೇಕಾದ ತುರ್ತು ಮಾತ್ರೆ; ಆ ದಿನ ದಾಟಿದರೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಆಂಟಿ ಗಡಿಯಾರ ನೋಡಿದರು. ರಸ್ತೆಯಾಚೆಯ ಔಷಧಿ ಅಂಗಡಿ ಮುಚ್ಚಲು ಎರಡೇ ನಿಮಿಷ!

"ಓಡು ಮಾರಾಯ್ತಿ!"

ಬಿಳಿ ಕೋಟಿನಲ್ಲೇ, ಬಸ್ಸಿಗೆ ಕೈ ಅಡ್ಡ ಹಿಡಿದು, ನನ್ನನ್ನು ಎಳೆದುಕೊಂಡೇ ಓಡಿದರು. ಅಲ್ಲಿ ಶಟರ್ ಅರ್ಧ ಇಳಿದಿತ್ತು. ಆಂಟಿ ಅದರಡಿ ಕಾಲಿಟ್ಟು, "ಪ್ಲೀಸ್, ಒನ್ ಮೋರ್!" ಎಂದು ಕೂಗಿದರು.

ಮಾತ್ರೆ ನನ್ನ ಕೈಗೆ ಬರುವಾಗ ಆಂಟಿ ಮುಖವನ್ನು ರಸ್ತೆಯ ಕಡೆ ತಿರುಗಿಸಿದರು. ಕಾಲನ್ನು ಮಾತ್ರ ತೆಗೆಯಲಿಲ್ಲ.